ಬೇಟೆಮನೆಯ ಗೋಡೆಗೆ ನೇತುಬಿದ್ದ ಬೂಟು

ಹೆಣ್ಣಿನ ಪಾದ ಎಂದರೆ ಗಿಡ್ಡ ಮಾಡಿದ ಗಂಡಿನ ಪಾದವಲ್ಲ. ಹಿಮ್ಮಡಿ ಸಪೂರ, ಬೆರಳುಗಳ ಬುಡ ಅಗಲ, ಮೀನಖಂಡ ಕೆಳಗಿನಿಂದಲೇ ತುಂಬಿಕೊಂಡಿರುತ್ತದೆ. ಇದೇನು ಪಂಡಿತರು ಕಂಡುಹಿಡಿದ ಗುಟ್ಟಲ್ಲ. ಸೌನಾ ಎಂಬ ಹಬೆಸ್ನಾನದ ಮನೆಯಿಂದ ಹೊರಗೆ ಬಂದ ಗಂಡಹೆಂಡಿರ ಒದ್ದೆ ಹೆಜ್ಜೆಗಳನ್ನು ಜಗಲಿಯ ಹಲಗೆಯ ಮೇಲೆ ಒಮ್ಮೆ ನೋಡಿದರೆ ಸಾಕು, ಕಣ್ಣಿದ್ದವರಿಗೆ ತಿಳಿಯುತ್ತದೆ. ಲಹ್ನವಾರ ಎಂಬ ಹಿಮದೂರಿನ ಗಂಡಸರು ಹುಟ್ಟಿದಾಗಿನಿಂದ ಆ ಹಲಗೆಗಳ ಮೇಲೆ ಓಡಾಡಿದ್ದಾರೆ. ಕಂಡಿಲ್ಲ. ಕಾಣದೆ ಇರುವುದರಲ್ಲೂ ಒಂದು ಅನುಕೂಲ ಇದೆ.

ನೋಡುವ ಬದಲು ಅವರು ಒಂದು ಬೂಟನ್ನು ಗೋಡೆಗೆ ನೇತುಹಾಕಿದ್ದರು.

ಊರಾಚೆ, ಟಾರು ರಸ್ತೆ ಮುಗಿದು ಮಣ್ಣಿನ ದಾರಿ ಶುರುವಾಗುವಲ್ಲಿ ಬೇಟೆ ಸಂಘದ ಮರದ ಮನೆ ಇದೆ. ಒಳಗೆ ಉದ್ದನೆಯ ಮೇಜು, ಮೂಲೆಯಲ್ಲಿ ಕಬ್ಬಿಣದ ಒಲೆ, ಗೋಡೆಯುದ್ದಕ್ಕೂ ಹಿರ್ವಿಯ ಕೊಂಬುಗಳು. ಕುದುರೆಗಿಂತ ಎತ್ತರದ, ಮೊರದಗಲ ಕೊಂಬು ಹೊತ್ತ ಈ ದೈತ್ಯ ಜಿಂಕೆಯೇ ಶರತ್ಕಾಲ ಬಂತೆಂದರೆ ಊರಿನ ಮಾತು, ಊಟ, ಜಗಳ ಎಲ್ಲ. ಕೊಂಬುಗಳ ನಡುವೆ, ಎಲ್ಲರ ಕಣ್ಣಿಗೂ ಬೀಳುವ ಎತ್ತರದಲ್ಲಿ ಒಂದು ಮೊಳೆ. ಮೊಳೆಗೆ ಒಂದು ಹಸಿರು ರಬ್ಬರ್ ಬೂಟು. ಜೋಡಿಯಲ್ಲ, ಒಂದೇ. ಅದರ ಕೆಳಗೆ ಹಲಗೆಯ ತುಂಡಿನ ಮೇಲೆ ಕಾಯಿಸಿದ ಕಬ್ಬಿಣದಿಂದ ಸುಟ್ಟು ಬರೆದ ಅಕ್ಷರ: ರೌನಿಯ ಬೂಟು, ತೋಳಜೌಗು.

ಆ ಬೂಟಿನ ಕೆಳಗೆ ಕೂತು ರೌನಿ ಎಷ್ಟೋ ಶರತ್ಕಾಲ ಬಟಾಣಿ ಸಾರು ಕುಡಿದಿದ್ದಾಳೆ. ಸಂಘಕ್ಕೆ ಹೊಸಬರು ಬಂದಾಗಲೆಲ್ಲ ಯಾರಾದರೊಬ್ಬರು ಅದರ ಕಥೆ ಹೇಳುತ್ತಿದ್ದರು, ಮೇಜೆಲ್ಲ ನಗುತ್ತಿತ್ತು, ರೌನಿಯೂ ನಗುತ್ತಿದ್ದಳು. ಹೆಂಗಸರ ಆ ನಗೆ ಇದೆಯಲ್ಲ, ಅದನ್ನು ಒಪ್ಪಿಗೆ ಎಂದು ಲೆಕ್ಕಕ್ಕೆ ಹಿಡಿಯುವುದು ಲೋಕದ ಅತಿ ಹಳೆಯ ಮೋಸಗಳಲ್ಲಿ ಒಂದು.

ರೌನಿ ಬೆಳೆದದ್ದೇ ಇನ್ನೊಬ್ಬರ ಬೂಟಿನೊಳಗೆ. ಅವಳ ತಾಯಿ ಗಂಡನ ಬೂಟಿಗೆ ಒಣಹುಲ್ಲು ತುರುಕಿಕೊಂಡು ಹಿಮದಲ್ಲಿ ಹಾಲಿನ ಕ್ಯಾನು ಎಳೆದವಳು. ರೌನಿ ಶಾಲೆಗೆ ಹೋದದ್ದು ಅಣ್ಣನ ಬೂಟಿನಲ್ಲಿ, ಅಣ್ಣನ ಉದ್ದಕ್ಕೆ ಮಾಡಿಸಿದ ಹಿಮಜಾರು ಹಲಗೆಗಳ ಮೇಲೆ. ತಿರುವಿನಲ್ಲಿ ಬಿದ್ದರೆ ಮೇಷ್ಟ್ರು, "ಹುಡುಗೀರಿಗೆ ತೂಕ ಹಿಡಿಯೋಕ್ ಬರಲ್ಲ" ಅನ್ನುತ್ತಿದ್ದರು. ಹಲಗೆಯ ಉದ್ದ ಯಾರೂ ಅಳೆಯಲಿಲ್ಲ.

ದೊಡ್ಡವಳಾದ ಮೇಲೆ ಸಿಕ್ಕ ಕೆಲಸವೂ ಅಂಥದ್ದೇ. ರೈತರು ರಜೆಗೆ ಹೋದಾಗ, ಆಸ್ಪತ್ರೆ ಸೇರಿದಾಗ ಅವರ ಹಸು ಕರೆಯಲು ಪುರಸಭೆ ಬದಲಿ ಆಳು ಕಳಿಸುತ್ತದೆ. ರೌನಿ ಆ ಬದಲಿ. ಒಂದು ಕೊಟ್ಟಿಗೆಯ ರೋಗ ಇನ್ನೊಂದಕ್ಕೆ ಹೋಗಬಾರದೆಂದು ಹೊರಗಿನ ಬೂಟು ಬಾಗಿಲಲ್ಲೇ ಬಿಟ್ಟು ಆ ಮನೆಯ ಬೂಟು ಹಾಕಿಕೊಳ್ಳಬೇಕು. ಆ ಮನೆಯ ಬೂಟು ಎಂದರೆ ಆ ಮನೆಯ ಯಜಮಾನನ ಬೂಟು. ಹೀಗಾಗಿ ಸುತ್ತಲ ಹಳ್ಳಿಗಳ ಅರ್ಧ ಗಂಡಸರ ಬೂಟಿನ ಒಳಗು ಅವಳಿಗೆ ಗೊತ್ತು. "ನಿನ್ನ ಗಂಡ ಬಲಗಾಲು ಎಳೀತಾನೆ ಅಲ್ವಾ?" ಎಂದು ಅಂಗಡಿಯ ಸಾಲಿನಲ್ಲಿ ನಿಂತ ಯಾವ ಹೆಂಗಸನ್ನಾದರೂ ಕೇಳಿ ಗಾಬರಿಪಡಿಸಬಲ್ಲಳು. ಅವಳ ಕಾಲಿನ ಅಳತೆ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಬಂದೂಕು ಹಿಡಿಯುವ ಹೊತ್ತಿಗೆ ಅವಳ ಮಕ್ಕಳು ದೊಡ್ಡವರಾಗಿದ್ದರು. ಪರವಾನಗಿ ತೆಗೆದುಕೊಂಡಳು. ಹಳಿಯ ಮೇಲೆ ಓಡುವ ಹಿರ್ವಿ ಚಿತ್ರಕ್ಕೆ ಗುಂಡು ಹೊಡೆದು ತೋರಿಸುವ ಪರೀಕ್ಷೆ ಮೊದಲ ಸಲಕ್ಕೇ ಪಾಸಾದಳು. ಆ ಶರತ್ಕಾಲ ಅವಳಿಗೆ ತೋಳಜೌಗು ಎಂಬ ಕೆಸರುಭೂಮಿಯ ಅಂಚಿನಲ್ಲಿ ಕಾವಲು ನಿಲ್ಲುವ ಜಾಗ ಸಿಕ್ಕಿತು. ಬೂಟು ಕೊಟ್ಟವನು ಗಂಡ ಎಸ್ಕೊ. ಅವನದೇ ಹಳೆಯ ಜೊತೆ.

"ದೊಡ್ಡದಾದ್ರೆ ಒಳ್ಳೇದೇ ಕಣೇ, ಬೆಚ್ಚಗಿರುತ್ತೆ," ಅಂದ.

ಈ ಸೀಮೆಯಲ್ಲಿ ಅದು ವೇದವಾಕ್ಯ. ದೊಡ್ಡ ಬೂಟು, ಎರಡು ಉಣ್ಣೆ ಕಾಲುಚೀಲ, ಮೇಲೆ ಒಂದಿಷ್ಟು ಹಳೆ ಪೇಪರು. ಹಿಮದಲ್ಲಿ ನಿಂತಿರುವ ಗಂಡಸಿಗೆ ಅದು ಸರಿ. ಜೌಗಿನಲ್ಲಿ ಹೆಜ್ಜೆ ಕೀಳಬೇಕಾದ ಹೆಂಗಸಿಗೆ ಅದು ಬೋನು. ಹಿರ್ವಿ ಬಂತು, ಗೊಬ್ಬರದ ಗಾಡಿಯಷ್ಟು ದೊಡ್ಡದು. ರೌನಿ ಬಂದೂಕು ಎತ್ತಿ ಅರ್ಧ ಹೆಜ್ಜೆ ತಿರುಗಿದಳು. ಕಾಲು ತಿರುಗಿತು, ಬೂಟು ತಿರುಗಲಿಲ್ಲ. ಅವಳು ಮುಖ ಅಡಿಯಾಗಿ ಕೆಸರಿಗೆ ಬಿದ್ದಳು, ಬಂದೂಕನ್ನು ಮಾತ್ರ ತಲೆಯ ಮೇಲೆ ಎತ್ತಿ ಹಿಡಿದುಕೊಂಡೇ. ಹಿರ್ವಿ ಒಂದು ಗಳಿಗೆ ನೋಡಿ ತನ್ನ ಪಾಡಿಗೆ ಹೋಯಿತು. ಬೂಟು ಜೌಗಿನ ಹೊಟ್ಟೆಗೆ ಹೋಯಿತು. ಮುಂದಿನ ಬೇಸಿಗೆಯಲ್ಲಿ ಹಳದಿ ಹಣ್ಣು ಆಯಲು ಹೋದವರು ಯಾರೋ ಅದನ್ನು ತಂದುಕೊಟ್ಟರು. ಬೇಟೆ ತಂಡದ ಮುಖಂಡ ತೌನೋ ಮೊಳೆ ಹೊಡೆದ, ಕಬ್ಬಿಣ ಕಾಯಿಸಿ ಹೆಸರು ಬರೆದ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಹೊಂದದ್ದು ಬೂಟು, ಗೋಡೆ ಹತ್ತಿದ್ದು ಅವಳ ಹೆಸರು.

ತಮಾಷೆ ತಮಾಷೆಯಾಗಿಯೇ ಉಳಿದಿದ್ದರೆ ಇದನ್ನು ಬರೆಯುವ ಕೆಲಸವೇ ಇರಲಿಲ್ಲ. ತಮಾಷೆಗೆ ಕಾಲು ಬಂತು. ಮರುವರ್ಷ ಜಾಗ ಹಂಚುವಾಗ ತೌನೋ ಅವಳನ್ನು ಮಣ್ಣುರಸ್ತೆಯ ಪಕ್ಕ ನಿಲ್ಲಿಸಿದ, ಕಾರಿನ ಮಗ್ಗುಲಿಗೆ, "ಕಾಲು ಒದ್ದೆಯಾಗದ ಕಡೆ." ಆ ರಸ್ತೆಯಲ್ಲಿ ಹಾಲಿನ ಲಾರಿ ಬರುತ್ತಿತ್ತು, ಅಂಚೆಯವನು ಬರುತ್ತಿದ್ದ, ಹಿರ್ವಿ ಬರುತ್ತಿರಲಿಲ್ಲ. ಅದರ ಮರುವರ್ಷವೂ ಅಲ್ಲೇ. ಆಮೇಲೆ ಯಾರೂ ಹಂಚುವುದೇ ಬೇಡವಾಯಿತು. ರಸ್ತೆ ಜಾಗ ಎಂದರೆ ರೌನಿ ಎಂದಾಯಿತು. ಗಂಡಸರು ಕಾಡಿನೊಳಗೆ ಹೋಗುತ್ತ ಕಾರಿನ ಕೀಲಿಗಳನ್ನು ಅವಳ ಕೈಗೆ ಕೊಟ್ಟು ಹೋಗುತ್ತಿದ್ದರು.

ಈ ಶರತ್ಕಾಲ ಮುದುಕ ವೈಕ್ಕೊ ಕಣ್ಣು ಮಂಜಾಯಿತೆಂದು ಬಂದೂಕು ಕೆಳಗಿಟ್ಟ. ಅವನು ನಿಲ್ಲುತ್ತಿದ್ದದ್ದು ಕಲ್ಲುದಿಣ್ಣೆಯಲ್ಲಿ. ಎರಡು ಜೌಗುಗಳ ನಡುವಿನ ಕಲ್ಲಿನ ಕುತ್ತಿಗೆ ಅದು; ನಾಯಿ ಬೊಗಳಿದರೆ ಹಿರ್ವಿ ದಾಟುವುದು ಅಲ್ಲೇ. ಬೇಟೆ ಶುರುವಾಗುವ ಮುಂಚೆ ಎಲ್ಲರೂ ಬೇಟೆಮನೆಯಲ್ಲಿ ಕಾಫಿಗೆ ಸೇರಿದ್ದರು.

"ಕಲ್ಲುದಿಣ್ಣೆ ನನಗೆ ಕೊಡು," ಅಂದಳು ರೌನಿ.

ತೌನೋ ಬನ್ನನ್ನು ಕಾಫಿಯಲ್ಲಿ ಅದ್ದಿದ. "ಅಲ್ಲಿಗೆ ರಸ್ತೆ ಇಲ್ಲ, ಯಜಮಾನ್ತಿ."

"ಗೊತ್ತು."

"ಮಧ್ಯ ತೋಳಜೌಗು ಇದೆ."

"ಅದೂ ಗೊತ್ತು. ನನಗೂ ಅದಕ್ಕೂ ಹಳೇ ಪರಿಚಯ."

"ಪರಿಚಯದ ಗುರುತು ಅಲ್ಲೇ ನೇತಾಡ್ತಿದೆಯಲ್ಲ," ಎಂದು ತೌನೋ ಲೋಟದಿಂದ ಗೋಡೆ ತೋರಿಸಿದ. ಮೇಜು ನಕ್ಕಿತು. ಈ ಸಲ ರೌನಿ ನಗಲಿಲ್ಲ. ಅದನ್ನು ಮೊದಲು ಗಮನಿಸಿದವಳು ಒಲೆಯ ಹತ್ತಿರ ನಿಂತಿದ್ದ ಹಿಲ್ಕ; ಸಂಘ ಶುರುವಾದಾಗಿನಿಂದ ಸಾರು ಬೇಯಿಸುತ್ತಿರುವವಳು ಅವಳೇ.

"ಬೂಟು ಸರಿ ಇರಲಿಲ್ಲ, ತೌನೋ," ಅಂದಳು ರೌನಿ.

"ಕುಣಿಯೋಕ್ ಬಾರದವಳು ನೆಲ ಡೊಂಕು ಅಂದಳಂತೆ."

"ಅವಳು ನೆಲ ಅನ್ಲಿಲ್ಲ ಕಣೋ, ಬೂಟು ಅಂದ್ಲು," ಅಂದಳು ಹಿಲ್ಕ. "ಕಿವಿಗೂ ಬೂಟ್ ಹಾಕ್ಕೊಂಡಿದೀಯಾ?"

ಈಗ ನಗೆ ದಿಕ್ಕು ಬದಲಿಸಿತು. ತೌನೋ ಕೆಟ್ಟವನಲ್ಲ. ನೆರೆಮನೆಯ ಛಾವಣಿಯ ಹಿಮ ತಾನಾಗಿ ಹತ್ತಿ ಎಳೆಯುವ ಮನುಷ್ಯ. ಆದರೆ ನಗೆ ತನ್ನ ಕಡೆ ತಿರುಗಿದರೆ ತಡೆಯಲಾರ. ಲೋಟ ಕೆಳಗಿಟ್ಟ.

"ಸರಿ. ಬೆಳಕು ಹರಿಯೋಕ್ ಮುಂಚೆ ಜೌಗು ದಾಟಿ ದಿಣ್ಣೆ ಸೇರ್ಬೇಕು. ಸಾರಿನ ಹೊತ್ತಿನವರೆಗೂ ನಿಂತ ಕಡೆ ನಿಂತಿರ್ಬೇಕು. ಕಾಲು ನೆಂದಿತು, ಬೆರಳು ಮರಗಟ್ಟಿತು ಅಂತ ಮಧ್ಯದಲ್ಲಿ ಎದ್ದು ಬಂದ್ರೆ ಮತ್ತೆ ರಸ್ತೆ ಜಾಗ. ಆಮೇಲೆ ಈ ಮಾತು ಎತ್ತಬಾರ್ದು. ಯಾವತ್ತೂ."

"ನಿಂತ್ರೆ?"

"ನಿಂತ್ರೆ ದಿಣ್ಣೆ ನಿನ್ದು."

"ಎಲ್ಲರೂ ಕೇಳಿಸ್ಕೊಂಡ್ರಲ್ಲ," ಅಂದಳು ರೌನಿ. ಎಸ್ಕೊ ಲೋಟದೊಳಗೆ ಚಮಚ ತಿರುಗಿಸುತ್ತಲೇ ಇದ್ದ. ಅವನು ಕಾಫಿಗೆ ಸಕ್ಕರೆ ಹಾಕಿಕೊಳ್ಳುವವನಲ್ಲ.

ಮರುದಿನ ಸಂಜೆ ಹಾಲು ಕರೆದು ಮುಗಿಸಿ ರೌನಿ ಕಯಾನಿ ಪೇಟೆಗೆ ಕಾರು ಓಡಿಸಿದಳು. ಬೆಳಗ್ಗೆ ಹೋಗಬಹುದಿತ್ತು, ಬೇಕೆಂದೇ ಹೋಗಲಿಲ್ಲ. ದಿನವೆಲ್ಲ ನಿಂತು ಊದಿದ ಕಾಲೇ ನಿಜವಾದ ಕಾಲು. ಬೆಳಗಿನ ಕಾಲು ನೆಂಟರ ಮುಂದೆ ಕೂತ ಮಗುವಿನಂತೆ, ಇಲ್ಲದ ಸಭ್ಯತೆ ತೋರಿಸುತ್ತದೆ. ಚೀಲದಲ್ಲಿ ತಾನೇ ಹೆಣೆದ ಉಣ್ಣೆ ಕಾಲುಚೀಲ ಇತ್ತು.

ಬೇಟೆ ಸಾಮಾನಿನ ಅಂಗಡಿಯ ಪೆಂಟಿ ಗಟ್ಟಿ ಮೀಸೆಯ, ಮೆದು ಮಾತಿನ ಮನುಷ್ಯ. ಗಂಡಸರ ಬೂಟು ಒಂದು ಗೋಡೆ ಪೂರಾ. ಹೆಂಗಸರದು ಮೆಟ್ಟಿಲ ಕೆಳಗಿನ ಒಂದು ಕಪಾಟು. ಅದರಲ್ಲಿ ನೇರಳೆ ಪಟ್ಟಿ ಹೊಡೆದದ್ದೊಂದು, ಬಾಯಿಗೆ ತುಪ್ಪಳ ಹೊಲಿದದ್ದೊಂದು, ಎತ್ತರದ ಹಿಮ್ಮಡಿಯದೊಂದು.

"ಇದು ಹೆಂಗಸರಿಗೇ ಅಂತ ಮಾಡಿರೋದು, ಯಜಮಾನ್ತಿ. ತುಂಬ ಹೋಗುತ್ತೆ," ಎಂದು ನೇರಳೆ ಪಟ್ಟಿಯದನ್ನು ಮುಂದಿಟ್ಟ.

ರೌನಿ ಅದರೊಳಗೆ ಮೊಣಕೈವರೆಗೆ ಕೈ ಬಿಟ್ಟು ಹಿಮ್ಮಡಿಯ ಗುಳಿ ತಡವಿದಳು. ಆಮೇಲೆ ಗೋಡೆಯಿಂದ ಗಂಡಸರದೊಂದು ಇಳಿಸಿ ಅದರೊಳಗೂ ಕೈ ಬಿಟ್ಟಳು. "ಎರಡೂ ಒಂದೇ ಅಚ್ಚು. ಇದಕ್ಕೆ ಬಣ್ಣ ಬಳ್ದಿದಾರೆ."

"ಒಳಗೆ ಇನ್ನೊಂದು ಅಟ್ಟೆ ಹಾಕ್ಕೊಂಡ್ರೆ ಸರಿಹೋಗುತ್ತೆ."

"ನಿಮ್ಮ ಅಂಗೀನ ನನ್ನ ಗಂಡನ ಅಳತೆಗೆ ಹೊಲಿದಿದ್ರೆ, ಒಳಗೆ ದಿಂಬು ಇಟ್ಕೊಂಡ್ರೆ ಸರಿಹೋಗುತ್ತೆ ಅಂತೀರಾ?"

ಪೆಂಟಿ ಮೀಸೆ ಸವರಿಕೊಂಡ. ರೌನಿ ಅಂಗಡಿಯ ಸುತ್ತ ಕಣ್ಣಾಡಿಸಿ, ಕಾಡುಹಣ್ಣು ತೊಳೆಯುವ ದೊಡ್ಡದೊಂದು ಪ್ಲಾಸ್ಟಿಕ್ ಬಾನಿ ಎಳೆದುಕೊಂಡಳು. "ಇದನ್ನ ನಾನು ಕೊಳ್ತೀನಿ. ಹಿತ್ತಲಲ್ಲಿ ಮಣ್ಣು ಇದೆಯಾ? ನೀರು ಬೇಕು."

"ಯಾತಕ್ಕೆ?"

"ನೀವು ಜನರನ್ನ ಕಾರ್ಪೆಟ್ ಮೇಲೆ ಆ ಕಡೆಯಿಂದ ಈ ಕಡೆ ನಡೆಸಿ ಬೂಟು ಮಾರ್ತೀರಿ. ನಾನು ಕಾರ್ಪೆಟ್ ಮೇಲೆ ಹಿರ್ವಿ ಕಾಯಲ್ಲ."

ಬಾಗಿಲ ಹೊರಗೆ, ಅಂಗಳದ ಸಿಮೆಂಟಿನ ಮೇಲೆ ಬಾನಿ ಇಟ್ಟರು. ಚರಂಡಿಯ ಅಂಚಿನಿಂದ ಕರಿಮಣ್ಣು, ಪಾಚಿ ತುಂಬಿ ನೀರು ಸುರಿದು ರೌನಿ ಕೈಯಿಂದಲೇ ಹಿಟ್ಟಿನಂತೆ ಕಲಸಿದಳು. ಜೌಗಿಗೆ ಇದಕ್ಕಿಂತ ಹತ್ತಿರದ್ದು ಪೇಟೆಯಲ್ಲಿ ಸಿಗುವುದಿಲ್ಲ. ಕಾಸು ಕೊಡದ ಬೂಟು ಕೆಸರಿಗೆ ಇಳಿಯುವುದನ್ನು ಕಂಡು ಪೆಂಟಿ ತಡೆಯಲು ಕೈ ಚಾಚಿದ. "ತೊಳೆದು ಕೊಡ್ತೀನಿ, ಹಸು ಕೆಚ್ಚಲು ತೊಳೆದ ಕೈ ಇದು," ಎಂದು ಸಮಾಧಾನ ಹೇಳಿದಳು. ನೇರಳೆ ಪಟ್ಟಿಯ ಬೂಟಿನಲ್ಲಿ ಬಾನಿಯೊಳಗೆ ನಿಂತು, ಕೆಸರು ಹಿಡಿಯುವಷ್ಟು ಹೊತ್ತು ಬಿಟ್ಟು, ಒಂದು ಕಾಲು ಮೇಲೆಳೆದಳು.

ಇದೇ ಅವಳ ಪರೀಕ್ಷೆ. ಕೆಸರು ಬೂಟನ್ನು ಹಿಡಿದಿರುತ್ತದೆ, ನೀನು ಕಾಲು ಎಳೆಯುತ್ತೀಯ. ಬೂಟಿಗಿಂತ ಮೊದಲು ಹಿಮ್ಮಡಿ ಎದ್ದರೆ ಆ ಬೂಟು ನಿನ್ನದಲ್ಲ, ಎಷ್ಟೇ ಚೆಂದವಿರಲಿ. ಹಿಮ್ಮಡಿ ಎದ್ದಿತು. ತುಪ್ಪಳದ್ದರಲ್ಲೂ ಎದ್ದಿತು. ಗಂಡಸರ ಸಣ್ಣ ಅಳತೆಯದರಲ್ಲಿ ಕಾಲೇ ಪೂರ್ತಿ ಹೊರಗೆ ಬಂತು.

ತೋಟಾ ಕೊಳ್ಳಲು ಬಂದ ಗಂಡಸರು ಅಂಗಳದಲ್ಲಿ ನಿಂತರು.

"ಏನಮ್ಮ, ದ್ರಾಕ್ಷಿ ತುಳೀತಿದೀಯಾ?" ಎಂದ ಒಬ್ಬ.

"ಗಂಡಸರ ಬುದ್ಧಿ ಹುಡುಕ್ತಿದೀನಿ. ತಳದಲ್ಲಿ ಎಲ್ಲೋ ಇರ್ಬೇಕು."

ಅವನ ಹೆಂಡತಿ ಕಾರಿನಲ್ಲಿ ಕೂತು ಕಾಯುತ್ತಿದ್ದಳು. ಗಾಜು ಕೆಳಗಿಳಿಸಿ ನೋಡಿದಳು, ಆಮೇಲೆ ಇಳಿದೇ ಬಂದಳು. "ನಿಮ್ಮದಾದ ಮೇಲೆ ನಾನೂ ಒಂದ್ಸಲ ನಿಲ್ಲಲಾ ಅಕ್ಕಾ?" ಅಂದಳು.

"ಪೆಂಟಿ," ಅಂದಳು ರೌನಿ, "ಈ ನೇರಳೆ ಬೂಟು ತುಂಬ ಹೋಗುತ್ತೆ ಅಂದ್ರಲ್ಲ. ಕೊಳ್ಳೋರು ಯಾರು?"

"ಗಂಡಂದಿರು. ಕ್ರಿಸ್‌ಮಸ್ಸಿಗೆ ಹೆಂಡ್ತಿಗೆ ಉಡುಗೊರೆ ಅಂತ."

"ಹೆಂಗಸರು ಬಂದು ಕೇಳಿದ್ದು ಯಾವತ್ತಾದ್ರೂ ಇದೆಯಾ?"

ಪೆಂಟಿ ಒಳಗೆ ಹೋಗಿ ಗೋದಾಮಿನಿಂದ ಧೂಳು ಹಿಡಿದ ಪೆಟ್ಟಿಗೆ ತಂದ. ಹೆಣ್ಣುಕಾಲಿನ ಅಚ್ಚಿನ ಮೇಲೆ ಕಟ್ಟಿದ ಬೂಟು. ಬಣ್ಣ ಒಣಗಿದ ಹುಲ್ಲಿನದು. ಹಿಮ್ಮಡಿ ಕಿರಿದು, ಮುಂಭಾಗ ಅಗಲ, ಕಣಕಾಲಿಗೆ ಬಿಗಿಯುವ ಪಟ್ಟಿ, ಮೀನಖಂಡದ ಹತ್ತಿರ ಸಡಿಲಿಸಿಕೊಳ್ಳಲು ಬಕಲು, ಒಳಗೆ ದಪ್ಪ ಅಸ್ತರು. "ಒಂದೆರಡು ಜೊತೆ ತರಿಸಿದ್ದೆ. ಗಂಡಸರು ಕೈಗೆ ತಗೊಂಡು, 'ಇದರಲ್ಲಿ ಹೆಂಗಸರದು ಅನ್ನೋಕೆ ಏನಿದೆ?' ಅಂತ ಇಟ್ಟುಬಿಡೋರು. ಒಳಗೆ ಹಾಕಿಬಿಟ್ಟೆ."

ಇದನ್ನು ಇನ್ನೊಮ್ಮೆ ಓದಿ. ಹೆಣ್ಣಿನ ಕಾಲಿಗೆ ಹೊಂದುವ ಬೂಟು ಲೋಕದಲ್ಲಿ ಇಲ್ಲ ಎಂದಲ್ಲ. ಇತ್ತು, ಕತ್ತಲಲ್ಲಿ ಇತ್ತು. ಯಾಕೆಂದರೆ ಅದನ್ನು ಆರಿಸುತ್ತಿದ್ದವರು ಅದನ್ನು ಹಾಕಿಕೊಳ್ಳದವರು.

ರೌನಿ ಕಣಕಾಲ ಪಟ್ಟಿ ಬಿಗಿದು ಬಾನಿಗೆ ಇಳಿದಳು. ಕೆಸರು ಹಿಡಿಯಿತು. ಎಳೆದಳು. ಬೂಟು ಮತ್ತು ಕಾಲು ಒಟ್ಟಿಗೆ, ಒಂದೇ ಸದ್ದಿನೊಂದಿಗೆ ಮೇಲೆ ಬಂದವು. ಅವಳು ಆಗ ಮಾಡಿದ್ದು ಪೆಂಟಿಗೆ ಇನ್ನೂ ವಿಚಿತ್ರವಾಗಿ ಕಂಡಿತು. ಬಾನಿಯಿಂದ ಇಳಿಯಲಿಲ್ಲ, ನಿಂತಳು. ಬೇಟೆಯ ಬೂಟು ನಡೆಯಲು ಅಲ್ಲ, ನಿಲ್ಲಲು. ನಡೆಯುವಾಗ ಎಲ್ಲ ಬೂಟೂ ಬೆಚ್ಚಗಿರುತ್ತವೆ, ಸುಳ್ಳು ಹೇಳುತ್ತವೆ. ತಣ್ಣನೆಯ ಕೆಸರಿನಲ್ಲಿ, ದೀಪಗಳು ಹೊತ್ತಿಕೊಳ್ಳುವವರೆಗೆ, ಅಂಗಡಿ ಮುಚ್ಚುವ ಹೊತ್ತು ದಾಟುವವರೆಗೆ ಅಲ್ಲಾಡದೆ ನಿಂತಳು. ಕಾರಿನ ಹೆಂಗಸು ಪಕ್ಕದಲ್ಲಿ ತನ್ನ ಸರದಿಗೆ ಕಾಯುತ್ತ ನಿಂತಳು. ಅವಳ ಗಂಡ ಈಗ ಕಾರಿನೊಳಗೆ ಕೂತು ಕಾಯುತ್ತಿದ್ದ.

ಕಾಸು ಕೊಟ್ಟು ಹೊರಡುವಾಗ ರೌನಿ ಬಾನಿಯನ್ನು ಅಲ್ಲೇ ಬಿಟ್ಟಳು. "ಇಟ್ಕೊಳ್ಳಿ ಪೆಂಟಿ. ಬೇಕಾಗುತ್ತೆ."

ಹೊಸ ಬೂಟು ಕಿರುಗುಟ್ಟುತ್ತದೆ, ಕಾಡಿನಲ್ಲಿ ಆ ಸದ್ದು ಗುಂಡಿನಷ್ಟೇ ದೂರ ಕೇಳುತ್ತದೆ. ಕೊಟ್ಟಿಗೆಯಲ್ಲಿ ಪಳಗಿಸೋಣವೆಂದರೆ ಗಂಜಲದ ವಾಸನೆ ಹಿಡಿಯುತ್ತದೆ. ಹಾಗಾಗಿ ರೌನಿ ಮನೆಯೊಳಗೇ ಹಾಕಿಕೊಂಡಳು. ಈ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಇಲ್ಲಿ ಪಾದ್ರಿಯೂ ಹೊಸ್ತಿಲಲ್ಲಿ ಬೂಟು ಬಿಟ್ಟು ಕಾಲುಚೀಲದಲ್ಲಿ ಒಳಗೆ ಬರುತ್ತಾನೆ. ಎಸ್ಕೊ ಊಟದ ಮೇಜಿನಿಂದ ತಲೆ ಎತ್ತಿದಾಗ ಹೆಂಡತಿ ಅತ್ತೆ ನೇಯ್ದ ಚಿಂದಿ ಜಮಖಾನದ ಮೇಲೆ ಬೂಟುಗಾಲಿನಲ್ಲಿ ನಿಂತು ಆಲೂಗೆಡ್ಡೆ ಸುಲಿಯುತ್ತಿದ್ದಳು.

"ಮನೆಯೊಳಗೆ ಬೂಟಾ?"

"ಹ್ಞೂಂ."

"ಅಮ್ಮ ಇದ್ದಿದ್ರೆ ಏನನ್ನೋಳು?"

"ನಿಮ್ಮಪ್ಪನ ಬೂಟಲ್ಲಿ ಸವೆದ ಕಾಲು ಅವಳದ್ದು. 'ನನಗೂ ಒಂದ್ಜೊತೆ ತಾರೇ' ಅನ್ನೋಳು."

ಎಸ್ಕೊ ರೈ ರೊಟ್ಟಿಗೆ ಬೆಣ್ಣೆ ಸವರಿದ, ಮತ್ತೆ ಸವರಿದ. "ಒಂದು ತಮಾಷೆಗೆ ಇಷ್ಟೆಲ್ಲ ರಂಪ ಬೇಕಾ?"

"ಗೋಡೆ ಮೇಲಿರೋದು ಯಾರ ಬೂಟು, ಎಸ್ಕೊ?"

ಅವನು ಬೆಣ್ಣೆಯ ಡಬ್ಬಿ ಮುಚ್ಚಿದ. ಅವಳು ಕೂಗಾಡಲಿಲ್ಲ. ಬೂಟುಗಾಲಿನಲ್ಲೇ ನಡೆದು ಬಂದು ಅವನ ಮುಂದೆ ಆಲೂಗೆಡ್ಡೆಯ ಬಟ್ಟಲು ಇಟ್ಟಳು. ಕಿರುಗುಟ್ಟುವ ಸದ್ದು ಮಾತ್ರ ಇತ್ತು. ದಿನ ಹೋದಂತೆ ಅದೂ ನಿಂತಿತು.

ಬೇಟೆಯ ದಿನ ಬೆಳಗಿನ ಜಾವ ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗಿತ್ತು. ತೌನೋ ಜೌಗಿನ ಅಂಚಿನವರೆಗೆ ಬಂದು ಟಾರ್ಚು ಹಿಡಿದು ನಿಂತ, ನೋಡಲೆಂದೇ. ರೌನಿ ಕಿತ್ತಳೆ ಟೋಪಿ ಸರಿಮಾಡಿಕೊಂಡು ಇಳಿದಳು. ಜೌಗು ಬಾಯಿ ಹಾಕಿತು, ಬಿಟ್ಟಿತು. ಮತ್ತೆ ಹಾಕಿತು, ಬಿಟ್ಟಿತು. ಹಿಂದೆ ಬಿದ್ದಿದ್ದ ಜಾಗಕ್ಕೆ ಬಂದಾಗ ಅವಳಿಗೆ ಗೊತ್ತಾಯಿತು. ಅಲ್ಲಿ ಅವಳು ನಿಂತು, ಬೇಕೆಂದೇ, ಬಲಗಾಲಿನ ಮೇಲೆ ಪೂರ್ತಿ ತಿರುಗಿದಳು. ಕಾಲು ತಿರುಗಿತು. ಬೂಟು ಜೊತೆಗೇ ತಿರುಗಿತು. ದೂರದಲ್ಲಿ ಟಾರ್ಚು ಆರಿತು.

ಕಲ್ಲುದಿಣ್ಣೆಯ ಪೈನ್ ಮರಕ್ಕೆ ಬೆನ್ನು ಕೊಟ್ಟು ನಿಂತಳು. ಬೆಳಕಾಯಿತು. ಎಸ್ಕೊನ ಬೂದುನಾಯಿ ತೆಸ್ಸು ದೂರದಲ್ಲಿ ಬೊಗಳಿತು, ಸುಮ್ಮನಾಯಿತು. ಕೊರಳಿನ ವಾಕಿಟಾಕಿಯಲ್ಲಿ ತೌನೋನ ದನಿ ಬಂತು: "ದಿಣ್ಣೆ, ಹೇಗಿದೆ? ಕಾಲು ತಣ್ಣಗಾದ್ರೆ ಬಾ. ಸಾರು ಬಿಸಿ ಇದೆ. ಯಾರೂ ನಗಲ್ಲ." ರೌನಿ ವಾಕಿಟಾಕಿಯ ದನಿ ತಗ್ಗಿಸಿದಳು. ಕಾವಲಲ್ಲಿ ನಿಂತವರು ಮಾತಾಡಬಾರದೆಂದು ಅವಳಿಗೆ ಕಲಿಸಿದ್ದೇ ತೌನೋ. ಕಾಲು ತಣ್ಣಗಾಗಿತ್ತು, ನಿಜ. ಬೂಟು ಒಲೆಯಲ್ಲ. ಆದರೆ ಒದ್ದೆಯಾಗಿರಲಿಲ್ಲ, ಬೆರಳು ಆಡಿಸಲು ಜಾಗವಿತ್ತು, ಅವಳು ಒಂದೊಂದೇ ಬೆರಳು ಆಡಿಸುತ್ತ ನಿಂತಳು. ಎದುರಿಗೆ ಒಂದು ಕಾಡುಕೋಳಿ ಬಂದು ಅವಳನ್ನು ಮರವೆಂದುಕೊಂಡು ಹೋಯಿತು.

ಆಮೇಲೆ ಗುಂಡಿನ ಸದ್ದು. ದಿಣ್ಣೆಯ ಕಡೆಯಿಂದಲ್ಲ, ರಸ್ತೆಯ ಕಡೆಯಿಂದ.

ವಿಧಿಗೆ ನಾಚಿಕೆ ಎಂಬುದಿಲ್ಲ. ಹಿರ್ವಿ ಆ ದಿನ, ಅಷ್ಟು ವರ್ಷಗಳಲ್ಲಿ ಮೊದಲ ಸಲ, ಜೌಗಿನ ದಾರಿ ಬಿಟ್ಟು ರಸ್ತೆ ದಾಟಿತ್ತು. ರೌನಿ ಖಾಲಿ ಮಾಡಿದ್ದ ಜಾಗದಲ್ಲಿ ನಿಂತಿದ್ದವನು ತೌನೋನ ಭಾವಮೈದುನ. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತಿದ್ದವನು ಫ್ಲಾಸ್ಕು ಎಸೆದು ಹೊಡೆದಿದ್ದ. ಸಾರಿನ ಹೊತ್ತಿಗೆ ರೌನಿ ಬೇಟೆಮನೆಗೆ ಬಂದಾಗ ಗಂಡಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಅಲ್ಲೇ ನಿಂತಿದ್ರೆ ನಿನ್ದಾಗ್ತಿತ್ತಲ್ಲೇ ರೌನಿ," ಅಂದ ತೌನೋ. "ಬೂಟು ಕೊಂಡ್ಯಲ್ಲ, ಅದು ನಿನ್ನ ತಪ್ಪು ಜಾಗಕ್ಕೆ ಕರ್ಕೊಂಡೋಯ್ತು. ನೋಡು, ದಿಣ್ಣೆ ಅಂದ್ರೆ ನಿಲ್ಲೋದಷ್ಟೇ ಅಲ್ಲ. ಹಿರ್ವಿ ಬರಬೇಕಲ್ಲ. ಈ ವರ್ಷಕ್ಕೆ ಬಿಡು, ಮುಂದಿನ ವರ್ಷ ನೋಡೋಣ."

ರೌನಿ ಬಂದೂಕು ಖಾಲಿ ಮಾಡಿ ಮೂಲೆಗೆ ಒರಗಿಸಿದಳು. "ನೀನು ಹೇಳಿದ್ದು ನಿಲ್ಲು ಅಂತ. ಹಿರ್ವಿ ತಾ ಅಂತ ಅಲ್ಲ. ವೈಕ್ಕೊ ಎಷ್ಟು ವರ್ಷ ಅಲ್ಲಿಂದ ಬರಿಗೈಲಿ ಬಂದ? ಅವನ ಜಾಗ ಕಿತ್ಕೊಂಡ್ಯಾ?"

"ಅದು ಬೇರೆ."

"ಬೇರೆ ಏನು?"

ರೌನಿ ಬೆಂಚಿನ ಮೇಲೆ ಹತ್ತಿದಳು, ಕೆಸರಿನ ಬೂಟಿನಲ್ಲೇ. ಮೊಳೆಯಿಂದ ಬೂಟನ್ನು ಇಳಿಸಿದಳು, ಅಡಿ ಮೇಲಾಗಿ ತಿರುಗಿಸಿ ಮೇಜಿನ ನಡುವೆ, ರೊಟ್ಟಿಯ ಬುಟ್ಟಿಯ ಪಕ್ಕದಲ್ಲಿ ಇಟ್ಟಳು. ಅದರ ಪಕ್ಕಕ್ಕೆ, ತನ್ನದೊಂದು ಬೂಟು ಕಳಚಿ, ಅದನ್ನೂ ಅಡಿ ಮೇಲಾಗಿ ಇಟ್ಟಳು.

"ಓದು ತೌನೋ. ಅಳತೆ ಅಚ್ಚೊತ್ತಿದಾರೆ. ಅದರ ಮೇಲೆ ನಲವತ್ತಮೂರು. ಇದರ ಮೇಲೆ ಮೂವತ್ತೇಳು. ಇಷ್ಟು ವರ್ಷ ಇದರ ಕೆಳಗೆ ಕೂತು ಉಂಡ್ರಲ್ಲ, ಒಬ್ಬರಾದ್ರೂ ತಲೆ ಎತ್ತಿ ಓದಿದ್ರಾ?"

ಒಲೆಯ ಮೇಲೆ ಸಾರು ಗುಳುಗುಳು ಎನ್ನುತ್ತಿತ್ತು. ರೌನಿ ಗಂಡನ ಕಡೆ ತಿರುಗಲಿಲ್ಲ, ಕಾಯುತ್ತ ನಿಂತಳು. ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಉಣ್ಣೆ ಕಾಲುಚೀಲ, ನೆನೆಯದ್ದು.

"ಬೂಟು ನನ್ದು," ಅಂದ ಎಸ್ಕೊ ಕೊನೆಗೆ. ಚಮಚ ಕೆಳಗಿಟ್ಟ. "ಹಾಕ್ಕೋ ಅಂತ ಕೊಟ್ಟವನು ನಾನು. ದೊಡ್ಡದು ಅಂತ ಅವಳು ಅವತ್ತೇ ಹೇಳಿದ್ಲು."

ಇದನ್ನು ಹೇಳಲು ಅವನಿಗೆ ಅಷ್ಟು ವರ್ಷ ಬೇಕಾಯಿತು. ಅದಕ್ಕೆ ಅವನನ್ನು ಹೊಗಳಬೇಕಾಗಿಲ್ಲ. ಅವಳೂ ಹೊಗಳಲಿಲ್ಲ. ಚರ್ಮ ಸುಲಿಯುವ ಚೂರಿ ತೆಗೆದುಕೊಂಡು, ಗೋಡೆಯ ಹಲಗೆಯ ಮೇಲಿನ ತನ್ನ ಹೆಸರನ್ನು ಕೆರೆಯತೊಡಗಿದಳು. ಸುಟ್ಟ ಅಕ್ಷರ ಆಳವಿತ್ತು, ಸಿಪ್ಪೆ ಸಿಪ್ಪೆಯಾಗಿ ಎದ್ದು ಸಾರಿನ ಬಟ್ಟಲುಗಳಿಗೆ ಬಿತ್ತು. ಯಾರೂ ಬಟ್ಟಲು ಎಳೆದುಕೊಳ್ಳಲಿಲ್ಲ. ಹೆಸರು ಹೋದ ಜಾಗದಲ್ಲಿ ಹೊಸ ಮರ ಬೆಳ್ಳಗೆ ಕಂಡಿತು. "ತೋಳಜೌಗು" ಎಂಬುದನ್ನು ಹಾಗೆಯೇ ಬಿಟ್ಟಳು. ಜೌಗಿನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ.

"ಬೂಟು ಮತ್ತೆ ನೇತುಹಾಕಿ, ನನಗೇನೂ ಇಲ್ಲ," ಎಂದು ಇಳಿದಳು. "ಯಾರ ಹೆಸರು ಬರೀಬೇಕು ಅಂತ ಈಗ ಗೊತ್ತಲ್ಲ."

ಮಧ್ಯಾಹ್ನದ ಸುತ್ತಿಗೆ ತೌನೋ ಜಾಗ ಹಂಚಲು ಎದ್ದು ನಿಂತ. ಒಬ್ಬೊಬ್ಬರ ಹೆಸರೂ ಕರೆದ. ರೌನಿ ಕರೆಗೆ ಕಾಯಲಿಲ್ಲ. ಬೂಟಿನ ಕಣಕಾಲ ಪಟ್ಟಿ ಬಿಗಿದು, ಬಂದೂಕು ಹೆಗಲಿಗೇರಿಸಿ, "ಕಲ್ಲುದಿಣ್ಣೆ" ಎಂದಷ್ಟೇ ಹೇಳಿ ಬಾಗಿಲು ದಾಟಿದಳು. ತೌನೋ ಅವಳ ಬೆನ್ನು ನೋಡಿದ, ಎಸ್ಕೊನನ್ನು ನೋಡಿದ, ಮುಂದಿನ ಹೆಸರು ಕರೆದ. ಹೊರಗೆ ಕಾರುಗಳ ಹತ್ತಿರ ಯಾರೋ ಅಭ್ಯಾಸಬಲದಿಂದ ಅವಳ ಕಡೆ ಕೀಲಿ ಚಾಚಿದರು. ಅವಳು ಆ ಕೈಯನ್ನು ಹಾದು ಹೋದಳು.

ಹಿಲ್ಕ ಸೌಟು ಹಿಡಿದುಕೊಂಡೇ ಮೆಟ್ಟಿಲವರೆಗೆ ಓಡಿ ಬಂದಿದ್ದಳು. ಅವಳ ಕಾಲಿನಲ್ಲಿ ಸತ್ತುಹೋದ ಗಂಡನ ಬೂಟು. ಪೇಟೆಯ ಬಾನಿಯ ಸುದ್ದಿ ಅವಳ ಒಲೆಯವರೆಗೂ ಬಂದಿತ್ತು.

"ರೌನಿ, ಆ ಬಾನಿ ಇನ್ನೂ ಅಂಗಡೀಲೇ ಇದೆಯೇನೇ?"

"ಇದೆ. ಸಂಜೆ ಹೊತ್ತು ಹೋಗು. ಒಬ್ಬಳೇ ಹೋಗು. ಗಂಡಸರನ್ನ ಕರ್ಕೊಂಡ್ ಹೋಗ್ಬೇಡ, ಅವರು ಬಣ್ಣ ನೋಡ್ತಾರೆ."

ಇಲ್ಲಿಗೆ ರೌನಿಯ ಕಥೆ ನಿಲ್ಲುತ್ತದೆ, ನಿಮ್ಮದು ಶುರುವಾಗುತ್ತದೆ. ಅದು ದೂರದ ಹಿಮದೂರಿನ ಮಾತು, ನಮ್ಮಲ್ಲಿ ಹೆಂಗಸರು ಬೇಟೆಗೆ ಹೋಗುವುದಿಲ್ಲ ಎನ್ನಬೇಡಿ. ಗದ್ದೆಗೆ ಹೋಗುತ್ತಾರೆ, ಕಾರ್ಖಾನೆಗೆ ಹೋಗುತ್ತಾರೆ, ಬೆಳಗಾಗುವ ಮುಂಚೆ ನಿಮ್ಮ ಬೀದಿ ಗುಡಿಸಲು ಬರುತ್ತಾರೆ, ಯಾರದೋ ಸವೆದ ಚಪ್ಪಲಿಯಲ್ಲಿ, ಯಾರದೋ ಅಳತೆಯ ಬೂಟಿನಲ್ಲಿ. ಜಾರಿದರೆ ನೀವೂ ನಗುತ್ತೀರಿ. ಈ ಹಾಳೆ ಕೆಳಗಿಡಿ. ಬಾಗಿಲ ಹತ್ತಿರ ಹೋಗಿ. ನಿಮ್ಮ ಮನೆಯ ಹೆಂಗಸು ಕೆಲಸಕ್ಕೆ ಮೆಟ್ಟಿ ಹೋಗುವುದನ್ನು ಕೈಗೆ ತೆಗೆದುಕೊಂಡು ಅಡಿ ಮೇಲಾಗಿ ತಿರುಗಿಸಿ, ಅಲ್ಲಿರುವ ಅಂಕಿ ಓದಿ, ಆಮೇಲೆ ಅವಳ ಕಾಲಿನ ಅಳತೆ ಎಷ್ಟೆಂದು ಅವಳನ್ನೇ ಕೇಳಿ. ಎರಡೂ ಬೇರೆಯಾಗಿದ್ದರೆ ನಾಳೆಯೇ ಅವಳ ಕೈಗೆ ಕಾಸು ಕೊಟ್ಟು ಅಂಗಡಿಗೆ ಕಳಿಸಿ, ನೀವು ಮನೆಯಲ್ಲಿರಿ.